ದಕ್ಷಿಣ ಭಾರತದ ಇತಿಹಾಸ ಬರೆದ ಮೇಷ್ಟ್ರು ನಿವೃತ್ತರಾದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಮೇಷ್ಟ್ರೋ ಮೇಡಮ್ಮೋ ನಿವೃತ್ತರಾಗುತ್ತಿದ್ದಾರೆ, ಏನಾದರೂ ಮಾಡಲೇಬೇಕು ಅಂತ ಹಳೆಯ ವಿದ್ಯಾರ್ಥಿಗಳು ಒಂದು ಕಡೆ ಸೇರುತ್ತಾರೆ. ಆಗ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಇಂಥ ಮೂರು ಸಮಿತಿಗಳಲ್ಲಿ ನಾನು ಕೆಲಸ ಮಾಡಿದ್ದೇನೆ. ಒಂದು ಚೆನ್ನಾಗಿ ಆಯಿತು. ಒಂದು ತುಂಬಾ ತಡವಾಯಿತು. ಇನ್ನೊಂದು ಅರ್ಧಕ್ಕೇ ನಿಂತಿತು, ಆ ಬೇಸರ ಇನ್ನೂ ಇದೆ. ಮೂರರಿಂದಲೂ ಕಲಿತದ್ದನ್ನು ಇಲ್ಲಿ ಹೇಳುತ್ತೇನೆ. ಶಾಸನ, ದೇವಸ್ಥಾನ, ಕೆರೆ, ಕಡತ ಅಂತ ಊರೂರು ಸುತ್ತಿ ದಕ್ಷಿಣ ಭಾರತದ ಚರಿತ್ರೆ ಬರೆದವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು ಇದು.

ಶಾಲು ಹೊದಿಸಿ, ಹಾರ ಹಾಕಿ, ಫಲಕ ಕೊಟ್ಟರೆ ಸಾಲದಾ?

ಅದೂ ಇರಲಿ. ತಮ್ಮ ಹುಡುಗರು ದೂರದೂರಿನಿಂದ ಬಂದು ಶಾಲು ಹೊದಿಸಿದರೆ ಯಾರಿಗೆ ಸಂತೋಷ ಆಗಲ್ಲ ಹೇಳಿ? ಆದರೆ ಅಷ್ಟಕ್ಕೇ ನಿಲ್ಲಿಸಬೇಡಿ.

ಇತಿಹಾಸಕಾರರ ಕೆಲಸದಲ್ಲಿ ಅಚ್ಚಾದದ್ದು ಒಂದು ಪಾಲು ಮಾತ್ರ. ಉಳಿದದ್ದು ನೋಟ್‌ಬುಕ್ಕುಗಳಲ್ಲಿ, ಫೋಟೋ ಡಬ್ಬಿಗಳಲ್ಲಿ, ಚೀಟಿಗಳಲ್ಲಿ, ಅವರ ನೆನಪಿನಲ್ಲಿ ಇರುತ್ತದೆ. ಯಾವ ಊರಿನ ಕಲ್ಲು ಯಾರ ಹೊಲದಲ್ಲಿತ್ತು, ಯಾವ ಸಾಲಿನ ಓದು ಅನುಮಾನ, ಯಾವ ಲೇಖನದಲ್ಲಿ ತಾವೇ ತಪ್ಪು ಮಾಡಿದ್ದರು, ಇದೆಲ್ಲ ಅವರಿಗೆ ಮಾತ್ರ ಗೊತ್ತು. ನಿವೃತ್ತಿಯ ದಿನ ಇಲಾಖೆಯ ಕೊಠಡಿ ಖಾಲಿ ಮಾಡಬೇಕು. ಬೀರು ಬೇರೆಯವರಿಗೆ ಹೋಗುತ್ತದೆ. ಆ ವಾರದಲ್ಲೇ ಎಷ್ಟೋ ಕಾಗದ ರದ್ದಿಗೆ ಸೇರಿಬಿಡುತ್ತದೆ. ಅದನ್ನು ತಡೆದು, ಅವರ ಕೆಲಸ ಮುಂದಿನವರ ಕೈಗೆ ಸಿಗುವ ಹಾಗೆ ಮಾಡುವುದನ್ನೇ ನಾನು ಗೌರವ ಅಂತೀನಿ. ಕೆಳಗಿನ ಉತ್ತರಗಳೆಲ್ಲ ಇದರ ಸುತ್ತವೇ ಇವೆ.

ಯಾವಾಗ ಶುರು ಮಾಡಬೇಕು?

ಕನಿಷ್ಠ ಎರಡು ವರ್ಷ ಮೊದಲು. ನಿವೃತ್ತಿ ಅಚಾನಕ್ಕಾಗಿ ಬರುವುದಲ್ಲ. ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ 65ಕ್ಕೆ, ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಅದಕ್ಕೂ ಮೊದಲೇ ಆಗುತ್ತದೆ. ತಾರೀಖು ಎಲ್ಲರಿಗೂ ಗೊತ್ತಿರುತ್ತದೆ. ಆದರೂ ಬಹಳಷ್ಟು ಸಮಿತಿಗಳು ಕೊನೆಯ ಮೂರು ತಿಂಗಳಲ್ಲಿ ಎಚ್ಚರಗೊಳ್ಳುತ್ತವೆ.

ಅವರ ಗೌರವಕ್ಕೆ ಲೇಖನಗಳ ಅಭಿನಂದನಾ ಗ್ರಂಥ ತರುವುದಾದರೆ ಲೇಖನ ಕೇಳಿ, ನೆನಪಿಸಿ, ತರಿಸಿಕೊಳ್ಳುವುದಕ್ಕೆ ಒಂದು ವರ್ಷ ಬೇಕು. ತಿದ್ದುವುದಕ್ಕೆ ಆರು ತಿಂಗಳು. ಅಕ್ಷರ ಜೋಡಣೆ, ಕರಡು ನೋಡುವುದು, ಅಚ್ಚು ಇದಕ್ಕೆ ಇನ್ನೊಂದು ಆರು ತಿಂಗಳು. ಶಾಸನದ ಪಾಠ ಇರುವ ಲೇಖನಗಳ ಕರಡನ್ನು ಎರಡು ಸಲ ನೋಡಿದರೂ ತಪ್ಪು ಉಳಿಯುತ್ತದೆ. ಮೂರನೇ ಸಲ ನೋಡಿ.

ಈಗಾಗಲೇ ನಿವೃತ್ತರಾಗಿ ವರ್ಷಗಳೇ ಆಗಿವೆ. ಈಗ ಮಾಡಿದರೆ ಚೆನ್ನಾಗಿರುತ್ತದಾ?

ಖಂಡಿತ ಮಾಡಿ, ಇವತ್ತೇ ಶುರು ಮಾಡಿ. ಮೈಸೂರಿನ ಎಸ್. ಶ್ರೀಕಂಠಶಾಸ್ತ್ರಿಗಳನ್ನು ನೆನೆಯಿರಿ. ಮಹಾರಾಜ ಕಾಲೇಜಿನಲ್ಲಿ ಪಾಠ ಹೇಳಿದವರು, ಕರ್ನಾಟಕದ ಇತಿಹಾಸದ ಆಕರಗಳನ್ನು ಒಟ್ಟುಮಾಡಿ 1940ರಲ್ಲೇ ಪುಸ್ತಕ ತಂದವರು. ಅವರ ಅಭಿನಂದನಾ ಗ್ರಂಥ 'ಶ್ರೀಕಂಠಿಕಾ' ಬಂದದ್ದು 1973ರಲ್ಲಿ. ನಿವೃತ್ತರಾಗಿ ಆಗಲೇ ಬಹಳ ವರ್ಷ ಕಳೆದಿತ್ತು. 1974ರಲ್ಲಿ ಶಾಸ್ತ್ರಿಗಳು ತೀರಿಕೊಂಡರು. ಗ್ರಂಥ ಇನ್ನೊಂದು ವರ್ಷ ತಡವಾಗಿದ್ದರೆ ಅದು ಸ್ಮರಣ ಗ್ರಂಥವೇ ಆಗಿಬಿಡುತ್ತಿತ್ತು.

ನಾನು ತಡವಾಯಿತು ಅಂದೆನಲ್ಲ, ಅದೇ ಕಥೆ. ಗ್ರಂಥ ಬರುವ ಹೊತ್ತಿಗೆ ನಮ್ಮ ಮೇಷ್ಟ್ರಿಗೆ ಕಣ್ಣು ಮಂಜಾಗಿತ್ತು. ಮಗಳು ಪಕ್ಕದಲ್ಲಿ ಕೂತು ಪರಿವಿಡಿ ಓದಿ ಹೇಳಿದರು. ಪ್ರತಿ ಹೆಸರಿಗೂ "ಹೌದಾ, ಅವನೂ ಬರೆದಿದ್ದಾನಾ?" ಅಂತ ಕೇಳುತ್ತಿದ್ದರು. ಲೇಖನಗಳನ್ನು ಅವರು ಓದಲಿಲ್ಲ. ಎಲ್ಲವೂ ಅವರಿಗಾಗಿಯೇ ಬರೆದದ್ದು.

ಅಭಿನಂದನಾ ಗ್ರಂಥದಲ್ಲಿ ಏನಿರಬೇಕು?

ಹೊಸ ಸಂಶೋಧನೆ ಇರಬೇಕು. ಜರ್ಮನಿಯ ವಿಶ್ವವಿದ್ಯಾಲಯಗಳಲ್ಲಿ ಇದಕ್ಕೆ ಫೆಸ್ಟ್‌ಶ್ರಿಫ್ಟ್ ಅಂತಾರೆ, ಹಬ್ಬದ ಬರಹ ಅಂತ ಅರ್ಥ. ಶಿಷ್ಯರು, ಜೊತೆಯವರು ತಮ್ಮ ಕೈಲಾದ ಒಳ್ಳೆಯ ಲೇಖನವನ್ನು ಗುರುವಿಗೆ ಒಪ್ಪಿಸುವ ಕ್ರಮ ಅದು. ಕನ್ನಡದಲ್ಲಿ ಈ ದಾರಿ ಹಾಕಿದ್ದು 1941ರಲ್ಲಿ ಬಿ.ಎಂ. ಶ್ರೀಕಂಠಯ್ಯನವರಿಗೆ ಅರ್ಪಿಸಿದ 'ಸಂಭಾವನೆ'. ಆಮೇಲೆ ಎ.ಆರ್. ಕೃಷ್ಣಶಾಸ್ತ್ರಿಗಳಿಗೆ 'ಅಭಿವಂದನೆ', ಡಿ.ಎಲ್. ನರಸಿಂಹಾಚಾರ್ಯರಿಗೆ 'ಉಪಾಯನ' ಬಂದವು.

ಈ ಹೆಸರುಗಳನ್ನೇ ನೋಡಿ, ಎಷ್ಟು ಚಂದ ಅಲ್ವಾ? ಒಂದೇ ಮಾತು, ಅದರಲ್ಲೇ ಎಲ್ಲ ಇದೆ. ನಿಮ್ಮ ಗ್ರಂಥಕ್ಕೂ ಇಂಥ ಹೆಸರು ಹುಡುಕಿ. ಅವರು ಕೆಲಸ ಮಾಡಿದ ಶಾಸನಗಳಲ್ಲೇ ಸಿಗುತ್ತದೆ.

ಹೊಗಳಿಕೆಯ ಲೇಖನ ಹಾಕಬಾರದಾ?

ನೆನಪಿನ ಬರಹ ಬೇಕು. ಆದರೆ ಅದು ಗ್ರಂಥದ ಐದನೇ ಒಂದು ಪಾಲು ಮೀರದಿರಲಿ. "ಅಜಾತಶತ್ರು", "ಜ್ಞಾನಭಂಡಾರ", "ಸರಳ ಸಜ್ಜನಿಕೆಯ ಸಾಕಾರ ಮೂರ್ತಿ" ಅಂತ ಇಪ್ಪತ್ತು ಜನ ಬರೆದರೆ ಆ ಮನುಷ್ಯ ಹೇಗಿದ್ದರು ಅಂತ ಓದುವವರಿಗೆ ತಿಳಿಯುವುದೇ ಇಲ್ಲ. ಬರೆಯುವವರಿಗೆ ಒಂದು ಪ್ರಶ್ನೆ ಕೊಡಿ: ಅವರು ನಿಮಗೆ ಕಲಿಸಿದ ಒಂದು ಕೆಲಸ ಯಾವುದು? ಆಗ ನಿಜವಾದ ಸಂಗತಿ ಹೊರಗೆ ಬರುತ್ತದೆ. ನಮಗೆ ಹಾಗೆ ಬಂದ ಒಂದು ಬರಹದಲ್ಲಿ, ಮೇಡಂ ಕಲ್ಲಿಗೆ ನೀರು ಚಿಮುಕಿಸಿ ಸಂಜೆಯ ಓರೆ ಬಿಸಿಲು ಬರುವ ತನಕ ಕಾಯಿಸಿದ್ದು ಇತ್ತು. ಬೆಳಗಿನಿಂದ ಕಾಣದ ಅಕ್ಷರ ಆ ನೆರಳಿನಲ್ಲಿ ಕಂಡಿತಂತೆ. ಆ ಒಂದು ಪುಟ ಹತ್ತು ಪುಟದ ಬಿರುದುಗಳಿಗಿಂತ ಜಾಸ್ತಿ ಹೇಳಿತು.

ಅವರ ವಾದವನ್ನು ಒಪ್ಪದ ಲೇಖನ ಬಂದರೆ?

ಹಾಕಿ, ಸಂಕೋಚ ಬೇಡ. ಬದುಕೆಲ್ಲ ಆಧಾರ ತೋರಿಸಿ ವಾದ ಮಾಡಿದವರು ಅವರು. ಅವರ ವಾದವನ್ನು ಗಂಭೀರವಾಗಿ ತೆಗೆದುಕೊಂಡು, ಹೊಸ ಆಧಾರ ಮುಂದಿಟ್ಟು, ಇಲ್ಲಿ ಒಪ್ಪಲಾರೆ ಅಂತ ಬರೆದರೆ ಅದು ದೊಡ್ಡ ಮರ್ಯಾದೆ. ಮಾತು ಮಾತ್ರ ಒರಟಾಗಬಾರದು. ಅಂಥ ಲೇಖನ ಇದೆ ಅಂತ ಅವರಿಗೆ ಮೊದಲೇ ತಿಳಿಸಿದರೆ ಒಳ್ಳೆಯದು.

ಯಾರನ್ನೆಲ್ಲ ಲೇಖನ ಕೇಳಬೇಕು?

ಅವರು ಕೆಲಸ ಮಾಡಿದ ವಿಷಯದವರನ್ನು ಕೇಳಿ. ಹುದ್ದೆ ನೋಡಿ ಕೇಳಬೇಡಿ. ಕುಲಪತಿಗಳು, ಮಂತ್ರಿಗಳು ಶುಭಾಶಯ ಪತ್ರ ಕೊಟ್ಟರೆ ಸಾಕು. ಕಿರಿಯ ಸಂಶೋಧಕರಿಗೆ ಕಡ್ಡಾಯವಾಗಿ ಜಾಗ ಕೊಡಿ. ಗಡಿಯಾಚೆಗೂ ನೋಡಿ. ತಮಿಳುನಾಡು, ಆಂಧ್ರ, ಕೇರಳದ ಶಾಸನಗಳನ್ನು ಬಿಟ್ಟು ಕರ್ನಾಟಕದ ಚರಿತ್ರೆ ಬರೆಯಲಾಗದು. ಜಪಾನಿನ ಇತಿಹಾಸಕಾರ ನೊಬೊರು ಕರಾಶಿಮಾ ಆಗ ಪುರಾತತ್ವ ಇಲಾಖೆಯ ಶಾಸನ ವಿಭಾಗ ಇದ್ದ ಊಟಿಗೆ ಬಂದು ಶಾಸನ ಓದುವುದನ್ನು ಕಲಿತು, ಚೋಳರ ಕಾಲದ ಹಳ್ಳಿಗಳ ಬಗ್ಗೆ ಬದುಕಿಡೀ ಕೆಲಸ ಮಾಡಿದರು. 2013ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಕರಾಶಿಮಾ ಅವರ ಹೆಸರು ಹೇಳಲು ಇನ್ನೊಂದು ಕಾರಣವಿದೆ. ಚೋಳ ಶಾಸನಗಳಲ್ಲಿ ಬರುವ ಹೆಸರುಗಳ ಪದಸೂಚಿ 1978ರಲ್ಲಿ ಮೂರು ಸಂಪುಟಗಳಲ್ಲಿ ಬಂತು. ಅದರ ಮೇಲೆ ಮೂವರ ಹೆಸರಿದೆ: ಕರಾಶಿಮಾ, ವೈ. ಸುಬ್ಬರಾಯಲು, ತೋರು ಮತ್ಸುಯಿ. ಇಂಥ ಕೆಲಸವನ್ನು ಒಬ್ಬರೇ ಮಾಡುವುದಿಲ್ಲ. ನೀವು ಗೌರವಿಸುವವರ ಜೊತೆ ಯಾರು ದುಡಿದರು ಅಂತ ಕೇಳಿ ತಿಳಿದುಕೊಳ್ಳಿ. ಶಾಸನದ ಪಡಿಯಚ್ಚು (ಕಾಗದದ ಮೇಲಿನ ಪ್ರತಿ) ತೆಗೆದವರು, ಚಿತ್ರ ಬರೆದವರು, ಜೀಪು ಓಡಿಸಿದವರು, ಊರಲ್ಲಿ ಕಲ್ಲು ತೋರಿಸಿದವರು. ಅವರ ಹೆಸರೂ ಗ್ರಂಥದಲ್ಲಿ ಬರಲಿ. ಸಮಾರಂಭಕ್ಕೆ ಅವರನ್ನೂ ಕರೆಯಿರಿ, ಮುಂದಿನ ಸಾಲಲ್ಲಿ ಕೂರಿಸಿ.

ಗ್ರಂಥಸೂಚಿ ಅಷ್ಟೊಂದು ಮುಖ್ಯವಾ?

ನನ್ನನ್ನು ಕೇಳಿದರೆ ಇಡೀ ಗ್ರಂಥದಲ್ಲಿ ಐವತ್ತು ವರ್ಷ ಆದ ಮೇಲೂ ಜನ ತೆರೆದು ನೋಡುವ ಭಾಗ ಅದೊಂದೇ. ಅವರು ಬರೆದ ಪುಸ್ತಕ, ಲೇಖನ, ಮುನ್ನುಡಿ, ಪುಸ್ತಕ ವಿಮರ್ಶೆ, ಪತ್ರಿಕೆಗೆ ಬರೆದ ಸಣ್ಣ ಬರಹ, ಎಲ್ಲದರ ಪಟ್ಟಿ. ನೋಡಲು ಸುಲಭ. ಮಾಡಲು ಕೂತರೆ ಕಷ್ಟ ಗೊತ್ತಾಗುತ್ತದೆ.

ಒಂದೇ ಲೇಖನ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬೇರೆ ಬೇರೆ ಹೆಸರಲ್ಲಿ ಬಂದಿರುತ್ತದೆ. ಭಾರತೀಯ ಇತಿಹಾಸ ಕಾಂಗ್ರೆಸ್ಸಿನ ಅಧಿವೇಶನ ನಡೆದ ವರ್ಷ ಒಂದು, ನಡಾವಳಿ ಅಚ್ಚಾದ ವರ್ಷ ಇನ್ನೊಂದು. ಮಿಥಿಕ್ ಸೊಸೈಟಿಯ ತ್ರೈಮಾಸಿಕ, ಕರ್ನಾಟಕ ಇತಿಹಾಸ ಅಕಾಡೆಮಿಯ 'ಇತಿಹಾಸ ದರ್ಶನ' ಗ್ರಂಥಾಲಯಗಳಲ್ಲಿ ಸಿಗುತ್ತವೆ. ಎರಡೇ ಸಂಚಿಕೆ ಬಂದು ನಿಂತುಹೋದ ಪತ್ರಿಕೆಗಳನ್ನು ಎಲ್ಲಿ ಹುಡುಕುತ್ತೀರಿ? ಕಾಲೇಜಿನ ವಾರ್ಷಿಕ ಸಂಚಿಕೆ, ತಾಲ್ಲೂಕು ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆ, ದೇವಸ್ಥಾನದ ಕುಂಭಾಭಿಷೇಕದ ಪುಸ್ತಿಕೆ, ಇಂಥ ಕಡೆಯೇ ಒಳ್ಳೆಯ ಲೇಖನಗಳು ಅಡಗಿರುತ್ತವೆ.

ನಾವು ಒಂದು ನಿಯಮ ಇಟ್ಟುಕೊಂಡಿದ್ದೆವು: ಮುದ್ರಿತ ಪ್ರತಿಯನ್ನು ಕೈಯಲ್ಲಿ ಹಿಡಿದು ನೋಡದೆ ಯಾವುದನ್ನೂ ಪಟ್ಟಿಗೆ ಸೇರಿಸುವಂತಿಲ್ಲ. ಮೇಷ್ಟ್ರು ಕೊಟ್ಟ ಪಟ್ಟಿಯಲ್ಲೇ ಹನ್ನೊಂದು ಕಡೆ ವರ್ಷ ತಪ್ಪಿತ್ತು. ಅವರೇ ಮರೆತಿದ್ದ ಒಂದು ಲೇಖನ ಹಳೆಯ ಕಾಲೇಜು ಸಂಚಿಕೆಯಲ್ಲಿ ಸಿಕ್ಕಿತು, ಇಪ್ಪತ್ತಾರನೇ ವಯಸ್ಸಿನಲ್ಲಿ ಬರೆದದ್ದು. ಜೆರಾಕ್ಸ್ ತೆಗೆದು ಕೈಗೆ ಕೊಟ್ಟೆವು. ನಿಂತುಕೊಂಡೇ ಪೂರ್ತಿ ಓದಿದರು.

ನೋಟ್‌ಬುಕ್, ಫೋಟೋ, ಪಡಿಯಚ್ಚುಗಳನ್ನು ಏನು ಮಾಡುವುದು?

ಇದಕ್ಕೆ ಸ್ವಲ್ಪ ಉದ್ದದ ಉತ್ತರವೇ ಬೇಕು.

ಮೊದಲು ಪಡಿಯಚ್ಚು ಅಂದರೇನು ಅಂತ ನೋಡೋಣ. ಶಾಸನದ ಕಲ್ಲನ್ನು ಬ್ರಷ್ಷಿನಿಂದ ಉಜ್ಜಿ ತೊಳೆದು, ಅದರ ಮೇಲೆ ಒದ್ದೆ ಕಾಗದ ಹರಡುತ್ತಾರೆ. ಗಟ್ಟಿ ಬ್ರಷ್ಷಿನಿಂದ ಮೆಲ್ಲಗೆ ಬಡಿಯುತ್ತಾ ಹೋದರೆ ಕಾಗದ ಅಕ್ಷರದ ಗುಳಿಯೊಳಗೆ ಇಳಿಯುತ್ತದೆ. ಆಮೇಲೆ ಮಸಿಯ ಉಂಡೆಯಿಂದ ಒತ್ತುತ್ತಾರೆ. ಮೇಲ್ಮೈ ಕಪ್ಪಾಗುತ್ತದೆ, ಅಕ್ಷರ ಬೆಳ್ಳಗೆ ಉಳಿಯುತ್ತದೆ. ಕಲ್ಲು ಹೇಗಿತ್ತೋ ಹಾಗೇ, ಅದೇ ಅಳತೆಯಲ್ಲಿ ಕಾಗದಕ್ಕೆ ಬರುತ್ತದೆ. ಭಾರತೀಯ ಪುರಾತತ್ವ ಇಲಾಖೆಯ ಶಾಸನ ವಿಭಾಗ 1966ರಲ್ಲಿ ಊಟಿಯಿಂದ ಮೈಸೂರಿಗೆ ಬಂತು. ಇಂಥ ಪ್ರತಿಗಳ ದೊಡ್ಡ ಸಂಗ್ರಹ ಅಲ್ಲಿದೆ.

ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ನಿರ್ದೇಶಕರಾಗಿದ್ದ ಬಿ.ಎಲ್. ರೈಸ್ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳಲ್ಲಿ ಸುಮಾರು 9 ಸಾವಿರ ಶಾಸನಗಳನ್ನು ಕೊಟ್ಟರು. ಮೊದಲ ಸಂಪುಟ ಬಂದದ್ದು 1886ರಲ್ಲಿ. ಅವುಗಳಲ್ಲಿ ಎಷ್ಟೋ ಕಲ್ಲುಗಳು ಇವತ್ತು ಇದ್ದ ಜಾಗದಲ್ಲಿಲ್ಲ. ರಸ್ತೆ ಅಗಲ ಆಯಿತು, ಬಡಾವಣೆ ಬಂತು, ಕೆರೆ ಮುಚ್ಚಿತು. 2018ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಕಾಮಗಾರಿ ನಡೆಯುವಾಗ 8ನೇ ಶತಮಾನದ ಕಿತ್ತಯ್ಯನ ವೀರಗಲ್ಲು ಸಿಕ್ಕಿ ಉಳಿದುಕೊಂಡಿತು. ಎಲ್ಲ ಕಲ್ಲಿಗೂ ಆ ಅದೃಷ್ಟ ಇಲ್ಲ. ಕಲ್ಲು ಹೋದ ಮೇಲೆ ನಿಮ್ಮ ಮೇಷ್ಟ್ರ ಅಟ್ಟದಲ್ಲಿರುವ ಆ ಕಪ್ಪು ಕಾಗದವೇ ಸಾಕ್ಷಿ.

ಒಂದು ಸಲ ನಾವು ಅಂಥ ಅಟ್ಟ ಹತ್ತಿದೆವು. ತಗಡಿನ ಟ್ರಂಕಿನಲ್ಲಿ ಉರುಳೆ ಉರುಳೆ ಪಡಿಯಚ್ಚು. ಪ್ರತಿಯೊಂದರ ಮೂಲೆಯಲ್ಲೂ ಪೆನ್ಸಿಲಿನಲ್ಲಿ ಊರು, ತಾರೀಖು, ಹೊಲದ ಯಜಮಾನರ ಹೆಸರು. ಒಂದರ ಮೇಲೆ "ಕಲ್ಲು ಬಚ್ಚಲ ಹಾಸಾಗಿದೆ, ಮಾತಾಡಿ ಎತ್ತಿಸಬೇಕು" ಅಂತ ಬರೆದಿತ್ತು. ಕೆಳಗೆ ಬೇರೆ ಶಾಯಿಯಲ್ಲಿ, ಎಂಟು ವರ್ಷದ ಆಮೇಲಿನ ತಾರೀಖು ಹಾಕಿ, "ಎತ್ತಿಸಿದೆ".

ಕೈ ಹಾಕುವ ಮೊದಲು ಇಷ್ಟು ನೆನಪಿಡಿ. ಇದ್ದ ಹಾಗೆ ಫೋಟೋ ತೆಗೆಯಿರಿ, ಯಾವುದು ಯಾವುದರ ಪಕ್ಕ ಇತ್ತು ಅನ್ನುವುದೂ ಮಾಹಿತಿಯೇ. ಜೋಡಿಸುವ ಉತ್ಸಾಹದಲ್ಲಿ ಕಟ್ಟು ಬಿಚ್ಚಿ ಬೆರೆಸಬೇಡಿ. ಹರಿದ ಕಡೆ ಸೆಲ್ಲೊಟೇಪ್ ಹಚ್ಚಬೇಡಿ, ಲ್ಯಾಮಿನೇಷನ್ ಮಾಡಿಸಲೇಬೇಡಿ. ಒಣಗಿ ಗಟ್ಟಿಯಾದ ಉರುಳೆಯನ್ನು ಬಲವಂತವಾಗಿ ಬಿಡಿಸಿದರೆ ಬಿರುಕು ಬಿಡುತ್ತದೆ. ಒಣ ಬಟ್ಟೆಯಲ್ಲಿ ಸುತ್ತಿ, ನೆಲದಿಂದ ಮೇಲೆ, ಗೋಡೆಯಿಂದ ದೂರ ಇಡಿ. ಆಮೇಲೆ ಅವರ ಜೊತೆ ಕೂತು ಒಂದೊಂದನ್ನೇ ತೋರಿಸಿ, ಹೇಳಿದ್ದನ್ನು ಬರೆದುಕೊಳ್ಳಿ. ಫೋಟೋಗಳಿಗಂತೂ ಇದು ಬೇಕೇ ಬೇಕು. ಹಿಂದೆ ಹೆಸರು ಬರೆಯದ ದೇವಸ್ಥಾನದ ಫೋಟೋ ಅವರಿಲ್ಲದೆ ಬರೀ ಕಲ್ಲುಗೋಡೆ.

ಯಾವ ಸಂಸ್ಥೆಗೆ ಕೊಟ್ಟರೆ ಒಳ್ಳೆಯದು?

ಪಟ್ಟಿ ಮಾಡಿ, ಓದುವವರಿಗೆ ಕೊಡುವ ಜಾಗಕ್ಕೆ. ಸುಮ್ನೆ ತೆಗೆದುಕೊಂಡು ಗೋದಾಮಿಗೆ ಹಾಕುವ ಕಡೆ ಬೇಡ. ಪಾಂಡಿಚೇರಿಯ ಫ್ರೆಂಚ್ ಸಂಸ್ಥೆ 1955ರಲ್ಲಿ ಶುರುವಾಯಿತು. ದಕ್ಷಿಣದ ದೇವಸ್ಥಾನ, ಶಿಲ್ಪಗಳ ಲಕ್ಷಕ್ಕೂ ಹೆಚ್ಚು ಫೋಟೋಗಳನ್ನು ಅಲ್ಲಿ ಕಾಪಾಡಿದ್ದಾರೆ. ಬೆಂಗಳೂರಿನ ಮಿಥಿಕ್ ಸೊಸೈಟಿ 1909ರದು. ಈಗ ನಗರದ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುವ ಕೆಲಸ ಅಲ್ಲಿಂದಲೇ ನಡೆದಿದೆ. ಧಾರವಾಡದಲ್ಲಿ 1939ರಿಂದ ಕನ್ನಡ ಸಂಶೋಧನ ಸಂಸ್ಥೆ ಇದೆ. ಎಲ್ಲಿಗೇ ಕೊಡಿ, ಮೊದಲು ಹೋಗಿ ನೋಡಿ. ಒಂದು ಪುಟದ ಲಿಖಿತ ಒಪ್ಪಂದ ಮಾಡಿಕೊಳ್ಳಿ. ಮನೆಯವರ ಒಪ್ಪಿಗೆ ಇಲ್ಲದೆ ಒಂದು ಚೀಟಿಯನ್ನೂ ಹೊರಗೆ ತರಬೇಡಿ.

ಸಂದರ್ಶನ ರೆಕಾರ್ಡ್ ಮಾಡುವುದು ಹೇಗೆ?

ಮೊಬೈಲ್ ಸಾಕು, ಕೋಣೆ ಮಾತ್ರ ಶಾಂತವಾಗಿರಬೇಕು. ಫ್ಯಾನ್ ಆಫ್ ಮಾಡಿ. ಒಂದೇ ದಿನ ನಾಲ್ಕು ಗಂಟೆ ಕೂರಿಸುವುದಕ್ಕಿಂತ ಒಂದೊಂದು ಗಂಟೆಯ ಆರು ಭೇಟಿ ಒಳ್ಳೆಯದು. "ನಿಮ್ಮ ಸಾಧನೆ ಹೇಳಿ ಸರ್" ಅಂದರೆ ಯಾರೂ ಮಾತಾಡಲ್ಲ. ಹಳೆಯ ಫೋಟೋ, ನಕ್ಷೆ, ಪಡಿಯಚ್ಚು ಮುಂದಿಡಿ. ಇದು ಯಾವ ಊರು, ಯಾರ ಜೊತೆ ಹೋಗಿದ್ದಿರಿ, ರಾತ್ರಿ ಎಲ್ಲಿ ಉಳಿದಿರಿ ಅಂತ ಕೇಳಿ. ಮಾತು ತಾನಾಗಿ ಹರಿಯುತ್ತದೆ. ಮೇಡಂಗಳನ್ನು ಇನ್ನೊಂದು ಕೇಳಿ. ಹೆಂಗಸರು ಒಬ್ಬರೇ ಹಳ್ಳಿ ಹಳ್ಳಿ ತಿರುಗಿ ಶಾಸನ ಓದುವುದು ಅಪರೂಪವಾಗಿದ್ದ ಕಾಲದಲ್ಲಿ ಅವರು ಹೇಗೆ ಮಾಡಿದರು ಅಂತ. ಇದು ಎಲ್ಲೂ ಬರೆದಿರುವುದಿಲ್ಲ. ಕೊನೆಗೆ, ಯಾವ ಭಾಗ ಈಗ ಬಹಿರಂಗ, ಯಾವುದು ಆಮೇಲೆ ಅಂತ ಅವರಿಂದಲೇ ಬರೆಸಿಕೊಳ್ಳಿ.

ಗ್ರಂಥ ಬೇಡ, ಬಹುಮಾನವೋ ಉಪನ್ಯಾಸವೋ ಇಡೋಣ ಅಂದರೆ?

ಒಳ್ಳೆಯ ಯೋಚನೆ, ಲೆಕ್ಕ ಮೊದಲು ಹಾಕಿ. ದತ್ತಿಯ ಅಸಲು ಮುಟ್ಟುವಂತಿಲ್ಲ, ಬಡ್ಡಿಯಲ್ಲೇ ನಡೆಯಬೇಕು. 2 ಲಕ್ಷ ರೂಪಾಯಿ ಠೇವಣಿಗೆ ಶೇ. 6.5 ಬಡ್ಡಿ ಅಂತ ಹಿಡಿದರೆ ವರ್ಷಕ್ಕೆ 13 ಸಾವಿರ. ಉಪನ್ಯಾಸಕರ ಪ್ರಯಾಣ, ಊಟ, ಸಣ್ಣ ಗೌರವಧನಕ್ಕೆ ಸರಿಹೋಗುತ್ತದೆ. ಹತ್ತು ವರ್ಷದ ಮೇಲೆ ಅದೇ ದುಡ್ಡು ಸಾಲುವುದಿಲ್ಲ. ಆದ್ದರಿಂದ ಬಡ್ಡಿಯ ಒಂದು ಪಾಲನ್ನು ವರ್ಷವರ್ಷ ಅಸಲಿಗೆ ಸೇರಿಸುವ ಷರತ್ತು ಹಾಕಿಸಿ.

ನನಗೆ ಇಷ್ಟವಾಗುವುದು ಕ್ಷೇತ್ರಕಾರ್ಯದ ಸಹಾಯಧನ. ಒಬ್ಬ ವಿದ್ಯಾರ್ಥಿ ಬಸ್ ಹತ್ತಿ ಮೇಷ್ಟ್ರು ನೋಡಿದ ಊರುಗಳಿಗೇ ಹೋಗಿ, ಆ ಕಲ್ಲುಗಳು ಈಗ ಹೇಗಿವೆ ಅಂತ ನೋಡಿ ಬರೆಯಲಿ. 13 ಸಾವಿರದಲ್ಲಿ ಅದು ಚೆನ್ನಾಗೇ ಆಗುತ್ತದೆ.

ನನಗೆ ಏನೂ ಬೇಡ ಅಂತ ಅವರೇ ಹೇಳಿದರೆ?

ಒಂದು ಸಲ ಕೇಳಿ, ಎರಡನೇ ಸಲ ಬೇರೆ ರೀತಿಯಲ್ಲಿ ಕೇಳಿ, ಮೂರನೇ ಸಲ ಬಿಟ್ಟುಬಿಡಿ. ಇತಿಹಾಸಕಾರ್ತಿ ರೋಮಿಲಾ ಥಾಪರ್ 1992ರಲ್ಲೂ 2005ರಲ್ಲೂ ಪದ್ಮಭೂಷಣ ಬೇಡ ಅಂದರು. ವಿದ್ಯಾಸಂಸ್ಥೆಗಳಿಂದ, ತಮ್ಮ ಕೆಲಸಕ್ಕೆ ಸಂಬಂಧಪಟ್ಟವರಿಂದ ಬರುವ ಗೌರವ ಮಾತ್ರ ಒಪ್ಪುವೆ ಅನ್ನುವುದು ಅವರ ನಿಲುವು. ಅವರಿಗೆ ಅರ್ಪಿಸಿದ ಲೇಖನಗಳ ಸಂಪುಟ 1996ರಲ್ಲಿ ಬಂತು. ಸಮಾರಂಭ ಬೇಡ ಅನ್ನುವವರೂ ಗ್ರಂಥಸೂಚಿ ಮಾಡುತ್ತೇವೆ ಅಂದರೆ ಸಾಮಾನ್ಯವಾಗಿ ಬೇಡ ಅನ್ನುವುದಿಲ್ಲ.

ವಿಶ್ವವಿದ್ಯಾಲಯದಲ್ಲಿ ಇರದವರನ್ನು ಗೌರವಿಸಬಹುದಾ?

ಮೊದಲು ಅವರನ್ನೇ ಗೌರವಿಸಿ. 1917ರಲ್ಲಿ 'ಕರ್ನಾಟಕ ಗತವೈಭವ' ಬರೆದ ಆಲೂರು ವೆಂಕಟರಾಯರು ವಕೀಲಿ ಓದಿದವರು. ಸ್ವಂತ ಮುದ್ರಣಾಲಯ ಇಟ್ಟು ವಚನಗಳನ್ನು ಅಚ್ಚು ಹಾಕಿ, 1926ರಲ್ಲಿ 'ಶಿವಾನುಭವ' ಪತ್ರಿಕೆ ಶುರು ಮಾಡಿದ ಫ.ಗು. ಹಳಕಟ್ಟಿಯವರೂ ವಕೀಲರೇ. ಇವತ್ತೂ ಶಾಲಾ ಮೇಷ್ಟ್ರು, ಅಂಚೆ ನೌಕರರು, ರೈತರು ರಜೆಯ ದಿನ ಶಾಸನ ಹುಡುಕುತ್ತಾರೆ. ಅವರಿಗೆ ನಿವೃತ್ತಿ ಆದೇಶ ಬರುವುದಿಲ್ಲ, ಬೀಳ್ಕೊಡುಗೆಯೂ ಇರುವುದಿಲ್ಲ. ಆದರೆ ನೋಟ್‌ಬುಕ್ಕುಗಳು ಅವರ ಹತ್ತಿರವೂ ಅಷ್ಟೇ ಇರುತ್ತವೆ.

ಐ.ಎಸ್.ಬಿ.ಎನ್., ಹಕ್ಕುಸ್ವಾಮ್ಯ ಇವೆಲ್ಲ?

ಚುಟುಕಾಗಿ ಹೇಳಿಬಿಡುತ್ತೇನೆ. ಭಾರತದಲ್ಲಿ ಐ.ಎಸ್.ಬಿ.ಎನ್., ಅಂದರೆ ಪುಸ್ತಕದ ಗುರುತಿನ ಸಂಖ್ಯೆ, ಉಚಿತ, ರಾಜಾ ರಾಮಮೋಹನ್ ರಾಯ್ ಸಂಸ್ಥೆಯ ಮೂಲಕ ಸಿಗುತ್ತದೆ. ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ, ಹಾಗಾಗಿ ಹಳೆಯ ಲೇಖನ ಮರುಮುದ್ರಿಸಲು ಬರಹದಲ್ಲಿ ಅನುಮತಿ ತೆಗೆದುಕೊಳ್ಳಿ. 1954ರ ಕಾಯ್ದೆಯಂತೆ ಪ್ರಕಟವಾಗಿ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಇನ್ನು ಮೂರು ಸಾರ್ವಜನಿಕ ಗ್ರಂಥಾಲಯಗಳಿಗೂ ಪ್ರತಿ ಕಳಿಸಬೇಕು. ಜಿಲ್ಲಾ ಗ್ರಂಥಾಲಯಕ್ಕೂ ಒಂದು ಕೊಡಿ.

ನಿವೃತ್ತಿ ಅಂದರೆ ಅವರ ಕೆಲಸ ಮುಗಿದ ಹಾಗೇ ಅಲ್ವಾ?

ಬಹಳ ಜನರ ದೊಡ್ಡ ಕೆಲಸ ಆಮೇಲೆಯೇ ಬಂದಿದೆ. ರೈಸ್ 1906ರಲ್ಲಿ ನಿವೃತ್ತರಾದರು. ಶಾಸನಗಳಿಂದ ಮೈಸೂರು, ಕೊಡಗಿನ ಚರಿತ್ರೆ ಕಟ್ಟಿಕೊಟ್ಟ ಅವರ ಪುಸ್ತಕ ಬಂದದ್ದು 1909ರಲ್ಲಿ. ನೀಲಕಂಠ ಶಾಸ್ತ್ರಿಗಳು ಮದ್ರಾಸಿನ ಕೆಲಸ ಮುಗಿಸಿದ ಮೇಲೆ ಮೈಸೂರಿಗೆ ಪ್ರಾಧ್ಯಾಪಕರಾಗಿ ಬಂದರು. ಅವರ ದಕ್ಷಿಣ ಭಾರತದ ಇತಿಹಾಸ 1955ರದು. ಷ. ಶೆಟ್ಟರ್ 'ಶಂಗಂ ತಮಿಳಗಂ' ತಂದದ್ದು 2007ರಲ್ಲಿ, ಆಗಲೇ ಎಪ್ಪತ್ತು ದಾಟಿದ್ದರು. ಆಮೇಲೂ ಹಳಗನ್ನಡದ ಲಿಪಿಯ ಬಗ್ಗೆ ದೊಡ್ಡ ಪುಸ್ತಕ ಬರೆದರು.

ಆದ್ದರಿಂದ ಅವರನ್ನೇ ಕೇಳಿ: ಮುಗಿಸಬೇಕು ಅಂದುಕೊಂಡ ಪುಸ್ತಕ ಯಾವುದು? ಅದಕ್ಕೆ ಏನು ಬೇಕು? ಕೆಲವರಿಗೆ ಕನ್ನಡ ಟೈಪ್ ಮಾಡಿಕೊಡುವವರು ಬೇಕಿರುತ್ತದೆ. ಕೆಲವರಿಗೆ ಗ್ರಂಥಾಲಯದ ಕಾರ್ಡು ಮುಂದುವರಿದರೆ ಸಾಕು. ಅದನ್ನು ಮಾಡಿಸಿಕೊಡಿ.

ಆ ದಿನದ ಕಾರ್ಯಕ್ರಮ ಹೇಗಿದ್ದರೆ ಚೆನ್ನ?

ಭಾಷಣ ಕಡಿಮೆ ಇರಲಿ. ಬೆಳಿಗ್ಗೆ ಎರಡು ಒಳ್ಳೆಯ ಉಪನ್ಯಾಸ, ಮಧ್ಯಾಹ್ನ ಊಟ, ಆಮೇಲೆ ಅವರ ಮಾತು. ಅವರ ಮಾತಿಗೆ ಸಮಯ ಮಿತಿ ಹಾಕಬೇಡಿ. ಆಗುವುದಾದರೆ ಮಾರನೇ ದಿನ ಒಂದು ಸಣ್ಣ ಬಸ್ ಮಾಡಿಕೊಂಡು, ಅವರು ಮೊದಲು ಓದಿದ ಶಾಸನದ ಊರಿಗೆ ಹೋಗಿ. ನಾವು ಹಾಗೆ ಹೋಗಿದ್ದೆವು. ಗುಡಿಯ ಹಿಂದೆ ಕಲ್ಲು ಅಲ್ಲೇ ಇತ್ತು, ಯಾರೋ ಅದಕ್ಕೆ ಸುಣ್ಣ ಬಳಿದಿದ್ದರು. ಮೇಷ್ಟ್ರು ಚಪ್ಪಲಿ ಬಿಟ್ಟು ಕುಕ್ಕರಗಾಲಲ್ಲಿ ಕೂತರು. ಸುಣ್ಣದ ಕೆಳಗೆ ಬೆರಳಾಡಿಸುತ್ತಾ ಮೊದಲ ಸಾಲು ಓದಿದರು. ಎರಡನೇ ಸಾಲಿಗೆ ನಿಲ್ಲಿಸಿ, ಎಲ್ಲರಿಗಿಂತ ಚಿಕ್ಕವಳಾಗಿದ್ದ ಹುಡುಗಿಯ ಕಡೆ ತಿರುಗಿ, "ಬಾಮ್ಮ, ಇಲ್ಲಿಂದ ನೀನು ಓದು" ಅಂದರು.